ಕಾಡಿಗೆ ಕಾಣದ ಕಣ್ಣು

ಕಣ್ಣಿಗೆ ಹಚ್ಚಿಕೊಂಡ ಕಾಡಿಗೆ ಆ ಕಣ್ಣಿಗೇ ಯಾಕೆ ಕಾಣುವುದಿಲ್ಲ?

ಹೆಚ್ಚುಕಡಿಮೆ ಒಂದೂವರೆ ಸಾವಿರ ವರ್ಷಗಳ ಹಿಂದೆ ಜೈನಾಚಾರ್ಯ ಪೂಜ್ಯಪಾದರು ತಮ್ಮ ‘ಸರ್ವಾರ್ಥಸಿದ್ಧಿ’ಯಲ್ಲಿ ಎತ್ತಿಕೊಂಡ ವಿಚಾರ ಇದು. ಪರಂಪರೆ ಅವರ ಹೆಸರನ್ನು ಗಂಗರ ಕಾಲದ ಕರ್ನಾಟಕದೊಂದಿಗೆ ಸೇರಿಸಿ ಹೇಳುತ್ತದೆ. ವಾದ ಸರಳವಾಗಿದೆ. ಚರ್ಮಕ್ಕೆ ತನ್ನನ್ನು ತಾಗಿದ್ದು ಗೊತ್ತಾಗುತ್ತದೆ. ನಾಲಿಗೆ ತನ್ನ ಮೇಲೆ ಬಿದ್ದದ್ದರ ರುಚಿ ಹೇಳುತ್ತದೆ. ಕಣ್ಣು ಕೂಡ ವಸ್ತುವನ್ನು ಮುಟ್ಟಿಯೇ ನೋಡುವುದಾದರೆ, ಅದಕ್ಕೆ ಅಂಟಿಕೊಂಡೇ ಇರುವ ಕಾಡಿಗೆ ಎಲ್ಲಕ್ಕಿಂತ ಮೊದಲು ಕಾಣಬೇಕಿತ್ತು. ಕಾಣುವುದಿಲ್ಲ. ಆದ್ದರಿಂದ ಕಣ್ಣು ಮುಟ್ಟದೆಯೇ ನೋಡುವ ಇಂದ್ರಿಯ ಎಂಬುದು ಅವರ ತೀರ್ಮಾನ.

ಎದುರಿಗಿದ್ದವರು ನೈಯಾಯಿಕರು ಮತ್ತು ಅವರಂತೆ ಯೋಚಿಸುತ್ತಿದ್ದವರು. ಕಣ್ಣು ತೇಜಸ್ಸಿನಿಂದ ಆದದ್ದು, ಅದರಿಂದ ರಶ್ಮಿ ಹೊರಟು ವಸ್ತುವನ್ನು ಮುಟ್ಟಿದಾಗಲೇ ನೋಟ ಸಾಧ್ಯ ಎಂಬುದು ನ್ಯಾಯದರ್ಶನದ ನಿಲುವು. ಇವತ್ತು ಶಾಲೆಯ ಪಾಠವೇ ಇದು ತಪ್ಪೆನ್ನುತ್ತದೆ. ಆದರೆ ‘ನ್ಯಾಯಸೂತ್ರ’ದ ಮೂರನೆಯ ಅಧ್ಯಾಯವನ್ನು ತೆರೆದು ಈ ಚರ್ಚೆಯನ್ನು ಓದಿದರೆ, ತಪ್ಪು ಸಿದ್ಧಾಂತವೊಂದನ್ನು ಎಷ್ಟು ಎಚ್ಚರದಿಂದ ಕಟ್ಟಬಹುದು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಲ್ಲಿ ಆಕ್ಷೇಪಗಳು ಒಂದರ ಹಿಂದೊಂದು ಬರುತ್ತವೆ. ಕಣ್ಣಿನಿಂದ ರಶ್ಮಿ ಹೊರಡುವುದಾದರೆ ಅದು ನಮಗೆ ಯಾಕೆ ಕಾಣುವುದಿಲ್ಲ? ನಡುಮಧ್ಯಾಹ್ನ ಉಲ್ಕೆಯ ಬೆಳಕು ಕಾಣುವುದಿಲ್ಲವಲ್ಲ, ಹಾಗೆ, ಎಂಬುದು ಉತ್ತರ. ರಶ್ಮಿ ಇದೆ ಎನ್ನುವುದಕ್ಕೆ ಆಧಾರ ಏನು? ರಾತ್ರಿ ಸಂಚರಿಸುವ ಬೆಕ್ಕಿನಂಥ ಪ್ರಾಣಿಗಳ ಕಣ್ಣು ನೋಡಿ, ಕತ್ತಲಲ್ಲಿ ಹೊಳೆಯುತ್ತದೆ. ಇಷ್ಟು ಚಿಕ್ಕ ಕಣ್ಣು ಅಷ್ಟು ದೊಡ್ಡ ವಸ್ತುವನ್ನು ಹಿಡಿಯುವುದು ಹೇಗೆ? ಹಿಡಿಯುವುದು ಕಣ್ಣುಗುಡ್ಡೆಯಲ್ಲ, ಹೊರಗೆ ಹರಡಿಕೊಂಡ ರಶ್ಮಿ. ಗಾಜು, ಅಭ್ರಕ, ಸ್ಫಟಿಕದ ಹಿಂದಿರುವುದೂ ಕಾಣುತ್ತದೆ, ಹಾಗಾದರೆ ಮುಟ್ಟುವ ಮಾತೆಲ್ಲಿ ಬಂತು? ಗೋಡೆಯ ಹಿಂದಿರುವುದು ಕಾಣುವುದಿಲ್ಲ, ಆದ್ದರಿಂದ ಮುಟ್ಟಲೇಬೇಕು. ಗಾಜು ರಶ್ಮಿಯನ್ನು ತಡೆಯುವುದಿಲ್ಲ, ಅಷ್ಟೇ.

ಜೈನರಂತೆ ಬೌದ್ಧರೂ ಇದನ್ನು ಒಪ್ಪಲಿಲ್ಲ. ವಸುಬಂಧು, ದಿಙ್ನಾಗರ ಪರಂಪರೆಯಲ್ಲಿ ಕಣ್ಣು ದೂರದಿಂದಲೇ ಅರಿಯುವ ಇಂದ್ರಿಯ. ವಾದ ಶತಮಾನಗಳ ಕಾಲ ನಡೆಯಿತು. ಎರಡೂ ಕಡೆಯವರು ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ಪೂರ್ತಿ ಇಟ್ಟು, ಆಮೇಲೆ ಖಂಡಿಸಿದರು. ಮತ್ತೊಬ್ಬರ ಮಾತಿಗೆ ಅದರ ಪೂರ್ಣ ಬಲ ಕೊಟ್ಟ ಮೇಲೆಯೇ ಮುರಿಯಬೇಕೆಂಬ ಈ ಶಿಸ್ತು ನಮ್ಮ ತರ್ಕಪರಂಪರೆಯ ದೊಡ್ಡ ಆಸ್ತಿ ಎಂದೇ ನಾನು ನಂಬುತ್ತೇನೆ. ಬೆಳಕು ಏನು, ಅದು ಎಲ್ಲಿಂದ ಹೊರಡುತ್ತದೆ ಎಂಬ ಪ್ರಶ್ನೆಯ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ: ಈ ಕಥೆಯನ್ನು ಮುಂದಕ್ಕೆ ಒಯ್ದವರಲ್ಲಿ ನಂಬಿದವರಷ್ಟೇ ಪಾಲು, ಕೆಲವೊಮ್ಮೆ ಅವರಿಗಿಂತ ಹೆಚ್ಚಿನ ಪಾಲು, ನಂಬದವರದು.

ಗ್ರೀಕರ ದೀಪ

ಇದೇ ಜಗಳ ಗ್ರೀಸಿನಲ್ಲೂ ನಡೆದಿತ್ತು. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಸಿಸಿಲಿಯ ಎಂಪೆಡೋಕ್ಲೀಸ್ ಕಣ್ಣನ್ನು ಬಿರುಗಾಳಿಯ ರಾತ್ರಿಯಲ್ಲಿ ಹಿಡಿದು ಹೊರಟ ಕಂದೀಲಿಗೆ ಹೋಲಿಸಿದ. ಒಳಗಿನ ಬೆಂಕಿ ತೆಳುಪೊರೆ ದಾಟಿ ಹೊರಗೆ ಹರಿಯುತ್ತದೆ. ಕಣ್ಣಿನಿಂದ ಹೊರಟ ಬೆಂಕಿ ಹಗಲಿನ ಬೆಳಕಿನೊಂದಿಗೆ ಬೆರೆತು ನೋಟವಾಗುತ್ತದೆ ಎಂದ ಪ್ಲೇಟೋ. ಡೆಮಾಕ್ರಿಟಸ್ ಮತ್ತು ಎಪಿಕ್ಯೂರಸ್‌ರಂಥ ಅಣುವಾದಿಗಳು ಇದನ್ನು ತಿರುವಿಹಾಕಿದರು. ಪ್ರತಿ ವಸ್ತುವಿನಿಂದ ಅತಿ ತೆಳುವಾದ ಪೊರೆಗಳು ಸದಾ ಸುಲಿದು ಬಂದು ಕಣ್ಣನ್ನು ಹೊಗುತ್ತವೆ ಎಂದರು. ಹಾಗಾದರೆ ಬೆಟ್ಟದಷ್ಟು ದೊಡ್ಡ ಪೊರೆ ಪಾಪೆಯೊಳಗೆ ನುಸುಳುವುದು ಹೇಗೆ? ಆ ಪ್ರಶ್ನೆಗೆ ಅವರಲ್ಲಿ ಒಪ್ಪುವಂಥ ಉತ್ತರ ಇರಲಿಲ್ಲ. ಅರಿಸ್ಟಾಟಲ್ ಕೇಳಿದ ಪ್ರಶ್ನೆ ಇನ್ನೂ ನೇರ: ಕಣ್ಣೇ ಬೆಳಕು ಕಕ್ಕುವುದಾದರೆ ಕತ್ತಲಲ್ಲಿ ಯಾಕೆ ಕಾಣುವುದಿಲ್ಲ?

ಇಷ್ಟಾದರೂ ಗೆದ್ದದ್ದು ಕಣ್ಣಿನ ಕಿರಣದ ಪಕ್ಷವೇ. ಕಾರಣವಿದೆ. ಕ್ರಿಸ್ತಪೂರ್ವ 300ರ ಸುಮಾರಿಗೆ ಯೂಕ್ಲಿಡ್ ಕಣ್ಣಿನಿಂದ ನೇರ ರೇಖೆಗಳು ಶಂಕುವಿನ ಆಕಾರದಲ್ಲಿ ಹೊರಡುತ್ತವೆ ಎಂದು ಇಟ್ಟುಕೊಂಡು, ದೂರದ್ದು ಯಾಕೆ ಚಿಕ್ಕದಾಗಿ ಕಾಣುತ್ತದೆ ಎಂಬುದನ್ನು ಜ್ಯಾಮಿತಿಯಿಂದ ಸಾಧಿಸಿದ. ಅಲೆಕ್ಸಾಂಡ್ರಿಯಾದ ಹೀರೋ ಕನ್ನಡಿಯ ಪ್ರತಿಫಲನವನ್ನು ಅತಿ ಹತ್ತಿರದ ದಾರಿಯ ನಿಯಮದಿಂದ ವಿವರಿಸಿದ. ಕ್ರಿಸ್ತಶಕ 2ನೇ ಶತಮಾನದಲ್ಲಿ ಟಾಲೆಮಿ ನೀರಿನಲ್ಲಿ, ಗಾಜಿನಲ್ಲಿ ಕಿರಣ ಎಷ್ಟು ಬಾಗುತ್ತದೆಂದು ಕೋನ ಅಳೆದು ಪಟ್ಟಿಮಾಡಿದ. ಬಾಣದ ತುದಿ ಯಾವ ಕಡೆಗಿದ್ದರೂ ರೇಖೆ ಅದೇ, ಕೋನವೂ ಅದೇ. ಹಾಗಾಗಿ ತಪ್ಪು ಭೌತಶಾಸ್ತ್ರದ ಮೇಲೆ ನಿಂತ ಈ ಜ್ಯಾಮಿತಿಯ ಬಹುಪಾಲು ಇಂದಿಗೂ ಸರಿಯಾಗಿಯೇ ಇದೆ. ಸರಿಯಾದ ಪಕ್ಷದ ಅಣುವಾದಿಗಳ ಬಳಿ ಲೆಕ್ಕ ಇರಲಿಲ್ಲ. ತಪ್ಪಿದ ಪಕ್ಷದ ಯೂಕ್ಲಿಡ್‌ನ ಬಳಿ ಇತ್ತು.

ಕೈರೋದ ಕತ್ತಲೆ ಕೋಣೆ

ಬಾಣದ ತುದಿಯನ್ನು ತಿರುಗಿಸಿದವನು ಇಬ್ನ್ ಅಲ್‌-ಹೈಥಮ್. 965ರ ಸುಮಾರಿಗೆ ಇರಾಕಿನ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದವನು. ನೈಲ್ ನದಿಯ ಪ್ರವಾಹವನ್ನು ಹತೋಟಿಗೆ ತರುತ್ತೇನೆಂದು ಖಲೀಫ ಅಲ್‌-ಹಾಕಿಮ್‌ಗೆ ಮಾತು ಕೊಟ್ಟು, ಅದು ಆಗದ ಕೆಲಸವೆಂದು ಗೊತ್ತಾದಾಗ ತಲೆ ಉಳಿಸಿಕೊಳ್ಳಲು ಹುಚ್ಚನಂತೆ ನಟಿಸಿದ, ಗೃಹಬಂಧನದಲ್ಲಿದ್ದ ಎಂಬ ಕಥೆ ಹಳೆಯ ಚರಿತ್ರೆಕಾರರಿಂದ ಬಂದಿದೆ. ಅವನ ‘ಕಿತಾಬ್ ಅಲ್‌-ಮನಾಜಿರ್’ ಏಳು ಸಂಪುಟಗಳ ಗ್ರಂಥ, 11ನೇ ಶತಮಾನದ ಮೊದಲ ದಶಕಗಳದ್ದು.

ಅವನ ಮೊದಲ ಆಧಾರ ಯಾರಾದರೂ ಗಮನಿಸಬಹುದಾದದ್ದು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಪ್ರಖರವಾದ ಬೆಳಕು ನೋಡಿ ಕಣ್ಣು ಮುಚ್ಚಿದರೆ ಅದರ ಅಚ್ಚು ಸ್ವಲ್ಪ ಹೊತ್ತು ಉಳಿಯುತ್ತದೆ. ಹೊರಗಿನಿಂದ ಏನೋ ಬಂದು ಕಣ್ಣಿನ ಮೇಲೆ ಕೆಲಸ ಮಾಡದೆ ಇದು ಸಾಧ್ಯವಿಲ್ಲ. ಕಣ್ಣಿನಿಂದಲೂ ಏನೋ ಹೊರಡುತ್ತದೆ ಎಂದು ಹಟ ಹಿಡಿದರೆ, ಅದು ಸುದ್ದಿಯನ್ನು ಹೊತ್ತು ವಾಪಸು ಬರಲೇಬೇಕು. ವಾಪಸು ಬರುವುದೇ ಸಾಕಾಗಿರುವಾಗ ಹೊರಟದ್ದು ಯಾತಕ್ಕೆ?

ಇದು ಇನ್ನೂ ವಾದ. ಇಷ್ಟನ್ನು ನಮ್ಮ ಆಚಾರ್ಯರೂ ಮಾಡಬಲ್ಲವರಾಗಿದ್ದರು. ಮುಂದಿನ ಹೆಜ್ಜೆ ಬೇರೆ. ಅವನು ಕೋಣೆಯನ್ನು ಕತ್ತಲು ಮಾಡಿ, ಗೋಡೆಯಲ್ಲಿ ಒಂದೇ ಒಂದು ಕಿಂಡಿ ಬಿಟ್ಟ. ಕಿಂಡಿಯ ಹೊರಗೆ ಬೇರೆ ಬೇರೆ ಜಾಗದಲ್ಲಿ ಹಲವು ದೀಪಗಳನ್ನು ಇಟ್ಟ. ಒಳಗಿನ ಗೋಡೆಯ ಮೇಲೆ ಎಷ್ಟು ದೀಪವೋ ಅಷ್ಟು ಬೆಳಕಿನ ಮಚ್ಚೆ ಮೂಡಿತು. ಎಡಗಡೆಯ ದೀಪದ ಮಚ್ಚೆ ಬಲಕ್ಕೆ, ಬಲಗಡೆಯದು ಎಡಕ್ಕೆ. ಒಂದು ದೀಪವನ್ನು ಮರೆಮಾಡಿದರೆ ಅದರ ಮಚ್ಚೆಯೊಂದೇ ಅಳಿಯಿತು. ಉಳಿದವು ಹಾಗೇ ಇದ್ದವು. ಮರೆ ತೆಗೆದರೆ ಮತ್ತೆ ಅಲ್ಲೇ ಬಂತು.

ಈ ಪ್ರಯೋಗದ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಎಲ್ಲ ದೀಪಗಳ ಬೆಳಕೂ ಒಂದೇ ಕಿಂಡಿಯಲ್ಲಿ ಒಂದನ್ನೊಂದು ದಾಟಿ ಹೋಗಿದೆ, ಆದರೆ ಬೆರೆತುಹೋಗಿಲ್ಲ. ಬೆಟ್ಟ ಪಾಪೆಯೊಳಗೆ ನುಸುಳುವುದು ಹೇಗೆ ಎಂಬ ಅಣುವಾದಿಗಳ ತೊಡಕು ಇಲ್ಲಿ ಬಿಚ್ಚಿಕೊಂಡಿತು. ಬೆಟ್ಟ ಇಡಿಯಾಗಿ ಬರಬೇಕಿಲ್ಲ. ಅದರ ಪ್ರತಿ ಬಿಂದುವಿನಿಂದಲೂ ಎಲ್ಲ ದಿಕ್ಕಿಗೂ ಬೆಳಕು ಹೊರಡುತ್ತದೆ, ಪ್ರತಿ ಬಿಂದುವಿನ ಬೆಳಕೂ ತನ್ನ ದಾರಿ ತಪ್ಪದೆ ಕಿಂಡಿ ದಾಟುತ್ತದೆ. ಜೊತೆಗೆ ಯೂಕ್ಲಿಡ್‌ನ ಜ್ಯಾಮಿತಿ ಪೂರ್ತಿಯಾಗಿ ಹೊಸ ಪಕ್ಷದ ಕೈಗೆ ಬಂತು. ಪೂಜ್ಯಪಾದರ ಕಾಡಿಗೆಗೂ ಉತ್ತರ ಈ ದಾರಿಯಲ್ಲೇ ಇದೆ: ಅಷ್ಟು ಹತ್ತಿರದ ವಸ್ತುವಿನ ಬೆಳಕನ್ನು ಕಣ್ಣಿನ ಮಸೂರ ಒಂದು ಬಿಂದುವಿಗೆ ಕೂಡಿಸಲಾರದು. ಇನ್ನು ನೈಯಾಯಿಕರ ಬೆಕ್ಕು. ಅದರ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವೊಂದಿದೆ. ಹೊರಗಿನಿಂದ ಬಿದ್ದ ಬೆಳಕು ಅಲ್ಲಿಂದ ಮರಳಿ ಹೊಳೆಯುತ್ತದೆ, ಪೂರ್ತಿ ಕತ್ತಲಲ್ಲಿ ಬೆಕ್ಕಿನ ಕಣ್ಣೂ ಹೊಳೆಯುವುದಿಲ್ಲ.

ಅಲ್‌-ಹೈಥಮ್‌ನ ಗ್ರಂಥ 1200ರ ಸುಮಾರಿಗೆ ಲ್ಯಾಟಿನ್ನಿಗೆ ಹೋಯಿತು. 1604ರಲ್ಲಿ ಕೆಪ್ಲರ್, ಕಣ್ಣಿನ ಹಿಂಬದಿಯ ಅಕ್ಷಿಪಟಲದ ಮೇಲೆ ಬಿಂಬ ತಲೆಕೆಳಗಾಗಿ ಬೀಳುತ್ತದೆ ಎಂದು ಲೆಕ್ಕದಿಂದ ತೋರಿಸಿದ. ಡೆಕಾರ್ಟ್ 1637ರಲ್ಲಿ ಅದನ್ನು ಕಣ್ಣಾರೆ ನೋಡುವ ಬಗೆ ಬರೆದ. ಎತ್ತಿನ ಕಣ್ಣಿನ ಹಿಂಭಾಗದ ಪೊರೆ ಕೊಯ್ದು, ಅಲ್ಲಿ ತೆಳುವಾದ ಹಾಳೆ ಇಟ್ಟು, ಕಿಟಕಿಯ ರಂಧ್ರದಲ್ಲಿ ಕೂರಿಸಿದರೆ ಹೊರಗಿನ ಬೀದಿ ಅದರಲ್ಲಿ ತಲೆಕೆಳಗಾಗಿ ಮೂಡುತ್ತದೆ. ಕಣ್ಣಿನಿಂದ ಹೊರಡುವ ಕಿರಣದ ಕಥೆ ವಿದ್ವತ್‌ ಲೋಕದಲ್ಲಿ ಅಲ್ಲಿಗೆ ಮುಗಿಯಿತು.

ಜನರ ಮನಸ್ಸಿನಲ್ಲಿ ಮುಗಿಯಲಿಲ್ಲ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವಾಗ, ಕಟ್ಟುತ್ತಿರುವ ಮನೆಯ ಮುಂದೆ ಬೆದರುಗೊಂಬೆ ನಿಲ್ಲಿಸುವಾಗ ನೋಟಕ್ಕೆ ಹೊರಗೆ ಹೋಗಿ ತಾಗುವ ಶಕ್ತಿಯಿದೆ ಎಂಬ ನಂಬಿಕೆ ಕೆಲಸ ಮಾಡುತ್ತಲೇ ಇದೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2002ರಲ್ಲಿ ತಮ್ಮ ವರ್ಷಗಳ ಅಧ್ಯಯನವನ್ನು ಪ್ರಕಟಿಸಿದಾಗ, ಪದವಿ ಓದುವ ವಿದ್ಯಾರ್ಥಿಗಳಲ್ಲೂ ಬಹಳಷ್ಟು ಮಂದಿ ನೋಡುವಾಗ ಕಣ್ಣಿನಿಂದ ಏನೋ ಹೊರಡುತ್ತದೆ ಎಂದೇ ಭಾವಿಸಿದ್ದು ಕಂಡುಬಂತು. ಸರಿಯಾದ ಪಾಠ ಹೇಳಿಕೊಟ್ಟರೂ ಅದರ ಪರಿಣಾಮ ಬಹಳ ದಿನ ಉಳಿಯಲಿಲ್ಲ.

ನೆರಳಿನ ನಡುವೆ ಬೆಳಕು

ಬೆಳಕು ಹೊರಗಿನಿಂದ ಬರುತ್ತದೆ, ಸರಿ. ಬರುವುದು ಏನು? 17ನೇ ಶತಮಾನ ಈ ಪ್ರಶ್ನೆಯಲ್ಲೇ ಕಳೆಯಿತು. ಅದು ಓಡುವುದಕ್ಕೆ ಸಮಯ ಹಿಡಿಯುತ್ತದೆ ಎಂದು 1676ರಲ್ಲಿ ಪ್ಯಾರಿಸ್‌ನಲ್ಲಿ ಓಲೆ ರೋಮರ್, ಗುರುವಿನ ಚಂದ್ರ ಅಯೋಗೆ ಹಿಡಿಯುವ ಗ್ರಹಣಗಳ ವೇಳೆ ಏರುಪೇರಾಗುವುದರಿಂದ ತೋರಿಸಿದ. ಹಾಲೆಂಡಿನ ಹೈಗನ್ಸ್ 1690ರ ತನ್ನ ಗ್ರಂಥದಲ್ಲಿ ಬೆಳಕನ್ನು ಅಲೆ ಎಂದ. ನ್ಯೂಟನ್ ಒಪ್ಪಲಿಲ್ಲ. ಅವನ ಆಕ್ಷೇಪ ತೂಕದ್ದು: ಗುಡ್ಡದ ಮರೆಯಲ್ಲಿ ನಿಂತರೂ ಗಂಟೆಯ ಸದ್ದು ಕೇಳುತ್ತದೆ, ಏಕೆಂದರೆ ಸದ್ದು ಅಲೆ, ಅಲೆ ಅಡ್ಡಿಯನ್ನು ಬಳಸಿಕೊಂಡು ಬರುತ್ತದೆ. ಬೆಳಕು ಹಾಗೆ ಬರುವುದಿಲ್ಲ, ನೆರಳು ಬೀಳುತ್ತದೆ. ಆದ್ದರಿಂದ ಬೆಳಕು ನೇರ ಓಡುವ ಕಣಗಳು. 1704ರ ‘ಆಪ್ಟಿಕ್ಸ್’ ಪುಸ್ತಕದ ನಂತರ ನೂರು ವರ್ಷ ಹೆಚ್ಚಿನವರಿಗೆ ಇದೇ ಕೊನೆಯ ಮಾತಾಗಿತ್ತು. ನ್ಯೂಟನ್ ಸ್ವತಃ ಇದನ್ನು ಅಷ್ಟು ಬಿಗಿಯಾಗಿ ಹೇಳಿರಲಿಲ್ಲ. ಪುಸ್ತಕದ ಕೊನೆಗೆ ಪ್ರಶ್ನೆಗಳ ಸಾಲನ್ನೇ ಇಟ್ಟಿದ್ದ. ಅವನ ಪ್ರಶ್ನೆಗಳನ್ನು ಉತ್ತರಗಳೆಂದು ಓದಿದವರು ಅನುಯಾಯಿಗಳು.

1801ರಿಂದ ಮೂರು ವರ್ಷ ಲಂಡನ್ನಿನ ವೈದ್ಯ ಥಾಮಸ್ ಯಂಗ್ ಅಲೆಯ ಪಕ್ಷವನ್ನು ಮತ್ತೆ ಎತ್ತಿದ. ಕಿಟಕಿಯ ಸಣ್ಣ ರಂಧ್ರದಿಂದ ಬಂದ ಬಿಸಿಲಕೋಲಿಗೆ, ಇಂಚಿನ ಮೂವತ್ತರಲ್ಲೊಂದು ಭಾಗ ಅಗಲದ ರಟ್ಟಿನ ಚೂರನ್ನು ಅಂಚಾಗಿ ಹಿಡಿದ. ನೆರಳಿನೊಳಗೆ ಬೆಳಕು-ಕತ್ತಲೆಯ ಗೆರೆಗಳು ಕಂಡವು. ರಟ್ಟಿನ ಒಂದು ಬದಿಯ ಬೆಳಕನ್ನು ತಡೆದ ಕೂಡಲೇ ಗೆರೆಗಳು ಮಾಯ. ಬೆಳಕಿಗೆ ಬೆಳಕು ಸೇರಿದರೆ ಕತ್ತಲೆಯೂ ಆಗಬಹುದು ಎಂದಾಯಿತು. ಕಣಗಳಿಂದ ಇದು ಆಗದು. ಇಷ್ಟು ಚೊಕ್ಕವಾದ ಪ್ರಯೋಗಕ್ಕೆ ಸಿಕ್ಕಿದ್ದು ‘ಎಡಿನ್‌ಬರೊ ರಿವ್ಯೂ’ ಪತ್ರಿಕೆಯಲ್ಲಿ ಹೆನ್ರಿ ಬ್ರೂಮ್‌ನ ತೇಜೋವಧೆ. ಬ್ರೂಮ್ ಕೂಡ ವಿರೋಧಿಯೇ. ಆದರೆ ಅವನಿಂದ ಬೆಳಕಿನ ವಿಜ್ಞಾನಕ್ಕೆ ಏನೂ ದಕ್ಕಲಿಲ್ಲ. ಅವನು ಯಂಗ್‌ನ ಪ್ರಯೋಗವನ್ನು ಮಾಡಿ ನೋಡಲಿಲ್ಲ, ಲೆಕ್ಕ ಹಾಕಲಿಲ್ಲ, ಹೀಯಾಳಿಸಿದ, ಅಷ್ಟೇ.

ಅವನ ಪಕ್ಕದಲ್ಲಿ ಸಿಮಿಯೋನ್ ಪ್ವಾಸೋನ್ ಎಂಬ ಇನ್ನೊಬ್ಬ ವಿರೋಧಿಯನ್ನು ಇಟ್ಟು ನೋಡಬೇಕು.

ಫ್ರಾನ್ಸಿನ ಒಗಸ್ಟೀನ್ ಫ್ರೆನೆಲ್ ರಸ್ತೆ, ಸೇತುವೆ ಕಟ್ಟಿಸುವ ಸರ್ಕಾರಿ ಎಂಜಿನಿಯರ್. 1815ರಲ್ಲಿ ನೆಪೋಲಿಯನ್ ಎಲ್ಬಾದಿಂದ ಮರಳಿದಾಗ ಅವನ ವಿರುದ್ಧ ನಿಂತು ಕೆಲಸ ಕಳೆದುಕೊಂಡು, ನಾರ್ಮಂಡಿಯ ಮಾಥ್ಯೂ ಎಂಬ ಹಳ್ಳಿಯಲ್ಲಿದ್ದ ತಾಯಿಯ ಮನೆ ಸೇರಿದ. ಸಲಕರಣೆ ಇರಲಿಲ್ಲ. ಜೇನಿನ ಹನಿಯನ್ನೇ ಮಸೂರವಾಗಿ ಬಳಸಿ, ನೆರಳಿನ ಅಂಚಿನ ಗೆರೆಗಳನ್ನು ಅಳೆದ. ಅಂಥವನು 1818ರಲ್ಲಿ ಪ್ಯಾರಿಸ್ ಅಕಾಡೆಮಿಯ ಸ್ಪರ್ಧೆಗೆ ಅಲೆ ಸಿದ್ಧಾಂತದ ಪ್ರಬಂಧ ಕಳಿಸಿದ. ತೀರ್ಪುಗಾರರು ಐವರು. ಲಾಪ್ಲಾಸ್, ಬಿಯೋ, ಪ್ವಾಸೋನ್ ಮೂವರೂ ನ್ಯೂಟನ್ನನ ಕಣಪಕ್ಷ. ಅರಾಗೋ ಒಬ್ಬ ಫ್ರೆನೆಲ್‌ನ ಕಡೆ. ಗೇ-ಲುಸಾಕ್ ಯಾವ ಕಡೆಗೂ ಇಲ್ಲ.

ಪ್ವಾಸೋನ್ ಪ್ರಬಂಧವನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು. ಅವನು ಕೂತು ಲೆಕ್ಕ ಹಾಕಿದ. ಫ್ರೆನೆಲ್‌ನ ಸಮೀಕರಣಗಳನ್ನು ಫ್ರೆನೆಲ್ ಒಯ್ಯದ ಕಡೆಗೆ ಒಯ್ದ. ದುಂಡನೆಯ ಬಿಲ್ಲೆಯೊಂದರ ನೆರಳನ್ನು ತೆಗೆದುಕೊಂಡರೆ, ಅಂಚಿನ ಸುತ್ತಲಿಂದ ಹೊರಟ ಅಲೆಗಳೆಲ್ಲ ನೆರಳಿನ ನಟ್ಟನಡುವಿಗೆ ಒಂದೇ ದೂರ ಸಾಗಿ ಬರಬೇಕು, ಒಂದಕ್ಕೊಂದು ಕೂಡಿಕೊಳ್ಳಬೇಕು. ಎಂದರೆ ನೆರಳಿನ ಮಧ್ಯದಲ್ಲಿ ಬೆಳಕಿನ ಚುಕ್ಕೆ ಇರಬೇಕು, ಬಿಲ್ಲೆಯೇ ಇಲ್ಲದಿದ್ದರೆ ಎಷ್ಟು ಬೆಳಗುತ್ತಿತ್ತೋ ಅಷ್ಟೇ ಪ್ರಕಾಶದಿಂದ. ಇದು ಅಸಂಬದ್ಧ, ಆದ್ದರಿಂದ ಸಿದ್ಧಾಂತ ಬಿತ್ತು ಎಂಬುದು ಅವನ ವಾದ.

ಅರಾಗೋ ಎರಡು ಮಿಲಿಮೀಟರ್ ಅಗಲದ ಲೋಹದ ಬಿಲ್ಲೆಯನ್ನು ಮೇಣದಿಂದ ಗಾಜಿಗೆ ಅಂಟಿಸಿ ನೋಡಿದ. ಚುಕ್ಕೆ ಇತ್ತು.

1819ರಲ್ಲಿ ಬಹುಮಾನ ಫ್ರೆನೆಲ್‌ಗೆ ಬಂತು. ಆ ಚುಕ್ಕೆಗೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಹೆಸರು ಪ್ವಾಸೋನ್ ಚುಕ್ಕೆ. ಅದನ್ನು ನಂಬದವನ ಹೆಸರು ಅದಕ್ಕೆ ನಿಂತದ್ದು ನ್ಯಾಯವೆಂದೇ ನನಗೆ ತೋರುತ್ತದೆ. ಅವನಷ್ಟು ಶ್ರದ್ಧೆಯಿಂದ ಆ ಸಿದ್ಧಾಂತವನ್ನು ಓದಿದ ಬೆಂಬಲಿಗ ಆಗ ಇರಲಿಲ್ಲ. 1850ರಲ್ಲಿ ಫೂಕೋ ಬೆಳಕು ಗಾಳಿಗಿಂತ ನೀರಿನಲ್ಲಿ ನಿಧಾನವೆಂದು ತೋರಿಸಿದಾಗ, ನೀರಿನಲ್ಲಿ ವೇಗ ಹೆಚ್ಚಬೇಕೆನ್ನುತ್ತಿದ್ದ ಕಣಪಕ್ಷಕ್ಕೆ ನಿಲ್ಲಲು ನೆಲ ಉಳಿಯಲಿಲ್ಲ. ಅಲೆ ಯಾವುದರದು ಎಂಬುದಕ್ಕೆ 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಉತ್ತರಿಸಿದ: ವಿದ್ಯುತ್ತಿನದು ಮತ್ತು ಕಾಂತತ್ವದ್ದು.

ಜಮಖಂಡಿಯಲ್ಲಿ ಕಂಡ ಗೆರೆ

ಬೆಳಕು ಸಾಗುವ ಬಗೆ ತಿಳಿಯಿತು. ಅದು ಹುಟ್ಟುವ ಬಗೆ? ದೀಪದ ಕುಡಿ, ಕಾದ ಕಬ್ಬಿಣ, ಸೂರ್ಯ ಇವೆಲ್ಲ ಬೆಳಕನ್ನು ಹೊರಹಾಕುವುದು ಹೇಗೆ? ಈ ಪ್ರಶ್ನೆಯ ಎಳೆ ಸಿಕ್ಕಿದ್ದು ಗಾಜು ಉಜ್ಜುವವನೊಬ್ಬನಿಗೆ. ಬವೇರಿಯಾದ ಯೋಸೆಫ್ ಫ್ರೌನ್‌ಹೋಫರ್ ತಬ್ಬಲಿ. ಕೆಲಸಕ್ಕಿದ್ದ ಕಟ್ಟಡ 1801ರಲ್ಲಿ ಕುಸಿದಾಗ ಅದರಡಿಯಿಂದ ಜೀವಂತ ಎಳೆದು ತೆಗೆದ ಹುಡುಗ. 1814ರಲ್ಲಿ ಅವನು ಸೂರ್ಯನ ರೋಹಿತದಲ್ಲಿ, ಎಂದರೆ ಬಿಸಿಲನ್ನು ಬಿಡಿಸಿದಾಗ ಮೂಡುವ ಬಣ್ಣಗಳ ಪಟ್ಟಿಯಲ್ಲಿ, ನೂರಾರು ಕಪ್ಪು ಗೆರೆಗಳನ್ನು ಕಂಡು ನಕ್ಷೆ ಮಾಡಿದ. ಅವು ಯಾಕೆ ಇವೆಯೆಂದು ತಿಳಿಯುವ ಮೊದಲೇ 1826ರಲ್ಲಿ ತೀರಿಕೊಂಡ, ಮರುವರ್ಷ ಫ್ರೆನೆಲ್. ಇಬ್ಬರಿಗೂ ಆಗ ವಯಸ್ಸು 39, ಇಬ್ಬರನ್ನೂ ಕಾಡಿದ್ದು ಕ್ಷಯ.

ಗ್ಯಾಸ್ ಒಲೆಯ ಮೇಲಿಟ್ಟ ಸಾರು ಉಕ್ಕಿ ಚೆಲ್ಲಿದಾಗ ನೀಲಿ ಉರಿ ಥಟ್ಟನೆ ಹಳದಿಯಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಅದು ಉಪ್ಪಿನಲ್ಲಿರುವ ಸೋಡಿಯಂ. 1859ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಕೈಗೆತ್ತಿಕೊಂಡದ್ದು ಇಂಥ ಉರಿಯನ್ನೇ. ಸೋಡಿಯಂ ಉರಿಯ ರೋಹಿತದಲ್ಲಿ ಒತ್ತೊತ್ತಾಗಿ ಎರಡು ಹಳದಿ ಗೆರೆ. ಸೂರ್ಯನ ರೋಹಿತದಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಎರಡು ಕಪ್ಪು ಗೆರೆ. ಬಿಸಿಲು ಬರುವ ದಾರಿಯಲ್ಲಿ ಸೋಡಿಯಂ ಉರಿಯನ್ನು ಇಟ್ಟರೆ ಕಪ್ಪು ಗೆರೆಯನ್ನು ಹಳದಿ ಬೆಳಕು ತುಂಬಿಬಿಡಬೇಕಿತ್ತಲ್ಲ? ಗೆರೆ ಇನ್ನಷ್ಟು ಕಪ್ಪಾಯಿತು. ಯಾವ ಬೆಳಕನ್ನು ಒಂದು ಧಾತು ಹೊರಹಾಕಬಲ್ಲದೋ ಅದನ್ನೇ ಅದು ಹೀರಬಲ್ಲದು ಕೂಡ. ಸೂರ್ಯನ ಹೊರಗಿನ ಆವರಣದಲ್ಲಿ ಸೋಡಿಯಂ ಇದೆ ಎಂದಾಯಿತು. ನಕ್ಷತ್ರಗಳು ಯಾವುದರಿಂದ ಆಗಿವೆ ಎಂಬುದು ಮನುಷ್ಯನಿಗೆ ಎಂದೂ ತಿಳಿಯಲಾರದು ಎಂದು ತತ್ತ್ವಜ್ಞಾನಿ ಒಗಸ್ಟ್ ಕೋಂತ್ ಬರೆದು ಆಗ 25 ವರ್ಷವೂ ಆಗಿರಲಿಲ್ಲ.

ಈ ಹೊಸ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ನೆಲದಲ್ಲಿ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಭಾರತವನ್ನು ಹಾದುಹೋಯಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿದ್ದ. ಮದರಾಸು ವೀಕ್ಷಣಾಲಯದ ಪಾಗ್ಸನ್ ಮಚಲೀಪಟ್ಟಣದಲ್ಲಿದ್ದ. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷಲ್, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್‌ನ ಮೊಮ್ಮಗ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿಕೊಂಡು ಕಾದಿದ್ದ. ಶ್ರಾವಣದ ಮೋಡ. ಮೋಡ ಬಿರಿದ ಸ್ವಲ್ಪ ಹೊತ್ತಿನಲ್ಲಿ, ಚಂದ್ರಬಿಂಬದ ಅಂಚಿನಾಚೆ ಚಾಚಿದ್ದ ಸೂರ್ಯನ ಜ್ವಾಲೆಯೊಂದರ ಕಡೆಗೆ ಯಂತ್ರ ತಿರುಗಿಸಿದ. ಬಣ್ಣಬಣ್ಣದ ಪಟ್ಟಿ ಇರಲಿಲ್ಲ. ಕೆಂಪು, ಕಿತ್ತಳೆ, ನೀಲಿ, ಮೂರು ಹೊಳೆವ ಗೆರೆ. ಆ ಜ್ವಾಲೆ ಘನವಲ್ಲ, ದ್ರವವಲ್ಲ, ಉರಿಯುವ ಅನಿಲ ಎಂದು ಅಷ್ಟರಿಂದಲೇ ತಿಳಿಯಿತು.

ಆ ಕಿತ್ತಳೆ-ಹಳದಿ ಗೆರೆಯನ್ನು ಅಂದು ನೋಡಿದ ಹೆಚ್ಚಿನವರು ಸೋಡಿಯಂನದೆಂದೇ ಭಾವಿಸಿದರು. ಅದು ಸೋಡಿಯಂ ಆಗಿರಲಿಲ್ಲ. ಸೋಡಿಯಂನ ಗೆರೆಗಳ ಅಲೆಯುದ್ದ 589.0 ಮತ್ತು 589.6 ನ್ಯಾನೋಮೀಟರ್, ಇದರದು 587.6. ಭೂಮಿಯ ಮೇಲೆ ಯಾರೂ ಕಾಣದ ಧಾತುವೊಂದರ ಗೆರೆ ಅದೆಂದು ಇಂಗ್ಲೆಂಡಿನ ಲಾಕ್ಯರ್ ಪಟ್ಟು ಹಿಡಿದ. ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. 1895ರಲ್ಲಿ ರ‍್ಯಾಮ್ಸೆ ಅದನ್ನು ಯುರೇನಿಯಂ ಅದಿರೊಂದರಿಂದ ಬಿಡಿಸಿ ತೆಗೆದ. ಜಮಖಂಡಿಯಲ್ಲಿ ಈ ಗ್ರಹಣವನ್ನು ನೆನೆಯುವ ಫಲಕವೊಂದು ಇರಬೇಕೆಂದು ನನಗೆ ಬಲವಾದ ಆಸೆ.

ಒಪ್ಪದೆ ಸಾಧಿಸಿದವರು

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗೆ, ಆಮೇಲೆ ಹಳದಿಗೆ, ಬಿಳುಪಿಗೆ ತಿರುಗುತ್ತದೆ. ಯಾವ ಬಿಸಿಗೆ ಯಾವ ಬಣ್ಣ ಎಷ್ಟು ಎಂಬ ಲೆಕ್ಕ ಅಲೆ ಸಿದ್ಧಾಂತದಿಂದ ಹೊರಡಲಿಲ್ಲ. 1900ರ ಡಿಸೆಂಬರ್ 14ರಂದು ಬರ್ಲಿನ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್, ಶಕ್ತಿಯನ್ನು ಬಿಡಿಬಿಡಿ ತುಣುಕುಗಳಲ್ಲಿ ಎಣಿಸಿದರೆ ಲೆಕ್ಕ ಸರಿಹೊಂದುತ್ತದೆ ಎಂದು ತೋರಿಸಿದ. ಪ್ಲಾಂಕ್ ಹಳೆಯ ಕ್ರಮವನ್ನು ಉಳಿಸಲು ಬಯಸಿದವನು. ಈ ತುಣುಕು ಲೆಕ್ಕಕ್ಕಷ್ಟೇ ಬೇಕಾದ ಉಪಾಯವೆಂದು ನಂಬಿದ್ದ. 1905ರಲ್ಲಿ ಐನ್‌ಸ್ಟೈನ್ ಅದನ್ನು ನಿಜವೆಂದೇ ತೆಗೆದುಕೊಂಡ. ಬೆಳಕೇ ತುಣುಕುಗಳಾಗಿ ಸಾಗುತ್ತದೆ ಎಂದ. ಲೋಹದ ಮೇಲೆ ಎಷ್ಟೇ ಪ್ರಖರವಾದ ಕೆಂಪು ಬೆಳಕು ಸುರಿದರೂ ಹೊರಡದ ಎಲೆಕ್ಟ್ರಾನು, ಮಂದವಾದ ನೇರಳಾತೀತ ಬೆಳಕಿಗೆ ಹೊರಡುವುದು ಇದರಿಂದಲೇ: ಕೆಂಪಿನ ತುಣುಕು ಚಿಕ್ಕದು, ನೇರಳಾತೀತದ್ದು ದೊಡ್ಡದು; ಎಲೆಕ್ಟ್ರಾನು ಒಂದು ಸಲಕ್ಕೆ ಒಂದನ್ನೇ ಪಡೆಯುತ್ತದೆ.

ಇದನ್ನು ನಂಬಿದವರು ಯಾರೂ ಇರಲಿಲ್ಲ ಎನ್ನಬಹುದು. 1913ರಲ್ಲಿ ಐನ್‌ಸ್ಟೈನನನ್ನು ಪ್ರಷ್ಯದ ಅಕಾಡೆಮಿಗೆ ಸೇರಿಸಿಕೊಳ್ಳಲು ಶಿಫಾರಸು ಬರೆದಾಗ ಪ್ಲಾಂಕ್‌ನೇ, ಬೆಳಕಿನ ತುಣುಕಿನಂಥ ಊಹೆಯಲ್ಲಿ ಅವನು ಗುರಿ ತಪ್ಪಿರಬಹುದು, ಅದನ್ನು ದೊಡ್ಡದು ಮಾಡಬಾರದು ಎಂಬರ್ಥದ ಮಾತು ಸೇರಿಸಿದ. ಶಿಕಾಗೋದ ರಾಬರ್ಟ್ ಮಿಲಿಕನ್ ಇದನ್ನು ಸುಳ್ಳು ಮಾಡಲೆಂದೇ ಹೊರಟ. ಸೋಡಿಯಂನಂಥ ಲೋಹಗಳ ಮೇಲ್ಮೈ ಗಾಳಿ ತಾಗಿದ ಕೂಡಲೇ ಕೆಡುತ್ತದೆ. ಅದಕ್ಕೆ ಅವನು ನಿರ್ವಾತ ಮಾಡಿದ ಗಾಜಿನ ಬುರುಡೆಯೊಳಗೇ ಸಣ್ಣ ಚಾಕು ಇಟ್ಟು, ಹೊರಗಿನಿಂದ ಕಾಂತದ ಬಲದಿಂದ ತಿರುಗಿಸಿ, ಅಳತೆಗೆ ಮುನ್ನ ಲೋಹವನ್ನು ಹೆರೆಯುತ್ತಿದ್ದ. ವರ್ಷಗಳ ದುಡಿಮೆಯ ನಂತರ 1916ರಲ್ಲಿ ಪ್ರಕಟವಾದ ಫಲಿತಾಂಶ: ಐನ್‌ಸ್ಟೈನನ ಸಮೀಕರಣ ಪ್ರತಿ ಅಳತೆಗೂ ಸರಿ. ಅದೇ ಪ್ರಬಂಧದಲ್ಲಿ, ಸಮೀಕರಣ ಸರಿಯಾದರೂ ಅದರ ಹಿಂದಿನ ಊಹೆಯನ್ನು ಒಪ್ಪಲಾಗದು ಎಂದೂ ಬರೆದ. ತನಗೆ ಇಷ್ಟವಿಲ್ಲದ ಉತ್ತರವನ್ನು ಇಷ್ಟು ಪ್ರಾಮಾಣಿಕವಾಗಿ ಅಳೆದು ಲೋಕದ ಮುಂದಿಟ್ಟ ಮಿಲಿಕನ್, ನನ್ನ ಮಟ್ಟಿಗೆ, ಈ ಇಡೀ ಚರಿತ್ರೆಯ ಅತಿ ಎತ್ತರದ ವ್ಯಕ್ತಿಗಳಲ್ಲೊಬ್ಬ.

ಉಳಿದದ್ದು ಬೇಗ ಬೇಗ ನಡೆಯಿತು. 1913ರಲ್ಲಿ ಬೋರ್, ಪರಮಾಣುವಿನಲ್ಲಿ ಎಲೆಕ್ಟ್ರಾನು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿದಾಗ ಒಂದು ತುಣುಕು ಬೆಳಕು ಹೊರಬೀಳುತ್ತದೆ ಎಂದ. ಪ್ರತಿ ಧಾತುವಿಗೂ ಅದರದ್ದೇ ಗೆರೆಗಳು ಯಾಕೆಂಬುದು ತಿಳಿಯಿತು. 1923ರಲ್ಲಿ ಕಾಂಪ್ಟನ್, ಎಕ್ಸ್-ಕಿರಣ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುವುದನ್ನು ಕಂಡ. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಬರೆದು ಕಳಿಸಿದ ಹಸ್ತಪ್ರತಿಯನ್ನು ಐನ್‌ಸ್ಟೈನ್ ತಾನೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದ. ಪ್ಲಾಂಕ್‌ನ ನಿಯಮವನ್ನು ಬೆಳಕಿನ ತುಣುಕುಗಳ ಎಣಿಕೆಯಿಂದಲೇ ಪಡೆಯುವ ದಾರಿ ಅದರಲ್ಲಿತ್ತು. ಈ ತುಣುಕಿಗೆ ಫೋಟಾನ್ ಎಂಬ ಹೆಸರು ನಿಂತದ್ದು ಆಮೇಲೆ.

ಸಿ.ವಿ. ರಾಮನ್ ಅವರ ಶೋಧಕ್ಕೆ ಮೂಲ ಕೂಡ ಒಂದು ಆಕ್ಷೇಪವೇ. ಸಮುದ್ರದ ನೀಲಿ ಆಕಾಶದ ನೀಲಿಯ ಪ್ರತಿಬಿಂಬ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದ. 1921ರಲ್ಲಿ ಯುರೋಪಿನಿಂದ ಹಡಗಿನಲ್ಲಿ ಮರಳುವಾಗ ರಾಮನ್ ನಿಕಲ್ ಪ್ರಿಸಂ ಹಿಡಿದು, ನೀರಿನ ಮೇಲ್ಮೈಯಿಂದ ಬರುವ ಪ್ರತಿಬಿಂಬದ ಬೆಳಕನ್ನು ಅಡಗಿಸಿ ನೋಡಿದರು. ನೀಲಿ ಉಳಿಯಿತು, ಇನ್ನೂ ಗಾಢವಾಗಿ ಕಂಡಿತು. ನೀರೇ ಬೆಳಕನ್ನು ಚದುರಿಸುತ್ತಿದೆ ಎಂದಾಯಿತು. ಅಲ್ಲಿಂದ ಏಳು ವರ್ಷ ದ್ರವಗಳಲ್ಲಿ ಬೆಳಕು ಚದುರುವ ಬಗೆಯ ಬೆನ್ನು ಹತ್ತಿ, 1928ರ ಫೆಬ್ರುವರಿ 28ರಂದು ಕಲ್ಕತ್ತಾದಲ್ಲಿ ಕೆ.ಎಸ್. ಕೃಷ್ಣನ್ ಅವರೊಂದಿಗೆ ರಾಮನ್ ಪರಿಣಾಮವನ್ನು ಕಂಡರು. ಚದುರಿದ ಬೆಳಕಿನಲ್ಲಿ ಒಂದಿಷ್ಟು ಪಾಲು ಬಣ್ಣ ಬದಲಿಸಿರುತ್ತದೆ, ಏಕೆಂದರೆ ಫೋಟಾನು ತನ್ನ ಶಕ್ತಿಯ ಒಂದಂಶವನ್ನು ಅಣುವಿಗೆ ಕೊಟ್ಟು ಬಂದಿರುತ್ತದೆ. ಈ ಹೊಸ ವಿಕಿರಣದ ಬಗ್ಗೆ ಅವರ ಪೂರ್ಣ ಉಪನ್ಯಾಸ ನಡೆದದ್ದು 1928ರ ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ.

ಹಾಗಾದರೆ ಬೆಳಕು ಅಲೆಯೋ ಕಣವೋ? ಸಾಗುವಾಗ ಅಲೆಯ ಲೆಕ್ಕ ಹಿಡಿಯುತ್ತದೆ, ಹುಟ್ಟುವಾಗ ಮತ್ತು ಹೀರಲ್ಪಡುವಾಗ ತುಣುಕಿನ ಲೆಕ್ಕ ಹಿಡಿಯುತ್ತದೆ, ಎರಡನ್ನೂ ಒಂದೇ ಗಣಿತದಲ್ಲಿ ಹಿಡಿದಿಡುವ ಕ್ವಾಂಟಂ ಸಿದ್ಧಾಂತ ನಮ್ಮ ಬಳಿ ಇದೆ. ಪ್ವಾಸೋನ್ ಚುಕ್ಕೆಯೂ ನಿಜ, ಮಿಲಿಕನ್‌ನ ಅಳತೆಯೂ ನಿಜ.

ನಮ್ಮ ಶಾಲೆಗಳಲ್ಲಿ ಈ ಪಾಠ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ವಸ್ತುವಿನಿಂದ ಬಂದ ಬೆಳಕು ಕಣ್ಣಿಗೆ ಬಿದ್ದಾಗ ವಸ್ತು ಕಾಣುತ್ತದೆ. ಮಕ್ಕಳು ಬರೆದುಕೊಳ್ಳುತ್ತಾರೆ, ಅಂಕ ಪಡೆಯುತ್ತಾರೆ, ಒಹಾಯೊದ ವಿದ್ಯಾರ್ಥಿಗಳಂತೆ ಮರೆಯುತ್ತಾರೆ. ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಅಂದು ಭಾಷಣ, ಭಾವಚಿತ್ರಕ್ಕೆ ಹಾರ ಆದ ಮೇಲೆ ತರಗತಿಯನ್ನು ಎರಡು ಪಾಲು ಮಾಡಿ. ಒಂದು ಪಾಲು ನೈಯಾಯಿಕರ ಕಡೆ ನಿಂತು ಬೆಕ್ಕು, ಉಲ್ಕೆ, ಗೋಡೆಯ ವಾದ ಹೂಡಲಿ. ಇನ್ನೊಂದು ಪಾಲು ಪೂಜ್ಯಪಾದರ ಕಾಡಿಗೆಯನ್ನು ಹಿಡಿಯಲಿ. ಇಬ್ಬರೂ ಸೋಲದಂತೆ ವಾದಿಸಲಿ. ಆಮೇಲೆ ಕಿಟಕಿ ಮುಚ್ಚಿ, ಮೂರು ಹಣತೆ ಹಚ್ಚಿ, ರಟ್ಟಿಗೆ ಒಂದು ತೂತು ಕೊರೆದು ಗೋಡೆಯೆದುರು ಹಿಡಿಯಿರಿ, ಯಾವ ಹಣತೆಗೆ ಯಾವ ಮಚ್ಚೆ ಎಂಬುದನ್ನು ಮಕ್ಕಳೇ ಒಂದೊಂದಾಗಿ ಮರೆಮಾಡಿ ನೋಡಲಿ. ಸರಿಯುತ್ತರವನ್ನು ದಯವಿಟ್ಟು ಅದಾದ ಮೇಲೆ ಹೇಳಿ.